ಸಂತ ಜಾನ್ ಬೊಸ್ಕೊ: ಬೆತ್ತ ಹಿಡಿಯದೆ ಶಿಸ್ತು ಕಲಿಸಿದ ಗುರು

ಜನವರಿ 31ರಂದು ಧರ್ಮಸಭೆಯು ಸಂತ ಜಾನ್ ಬೊಸ್ಕೊ ಅವರ ಹಬ್ಬವನ್ನು ಆಚರಿಸುತ್ತದೆ. ಕರಾವಳಿಯ ಕಥೊಲಿಕರಾದ ನಮಗೆ ಈ ಹೆಸರು ಹೊಸದಲ್ಲ. ಮಂಗಳೂರಿನಲ್ಲಿ ಕೊಂಕಣಿ ನಾಟಕ ನೋಡಲು ಹೋದವರಿಗೆಲ್ಲ ಡಾನ್ ಬೊಸ್ಕೊ ಹಾಲ್ ಗೊತ್ತು. ಈ ಸಂತರ ಹೆಸರು ಹೊತ್ತ ಮಕ್ಕಳೂ ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಆದರೆ ಹೆಸರು ಪರಿಚಯವಿದ್ದಷ್ಟು ಅವರ ಜೀವನ ನಮಗೆ ಪರಿಚಯವಿಲ್ಲ. ಇಟಲಿಯಲ್ಲಿ ಧರ್ಮಗುರುಗಳನ್ನು ಗೌರವದಿಂದ ಡಾನ್ ಎಂದು ಕರೆಯುತ್ತಾರೆ. ಡಾನ್ ಬೊಸ್ಕೊ ಎಂದರೆ ಫಾದರ್ ಬೊಸ್ಕೊ ಎಂದಷ್ಟೇ ಅರ್ಥ.

ಅವರನ್ನು ನೆನೆಯಲು ನಮಗೆ ವಿಶೇಷ ಕಾರಣವೊಂದಿದೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಊರುಗಳ ಎಷ್ಟೋ ಹುಡುಗ ಹುಡುಗಿಯರು ವೃತ್ತಿ ಶಿಕ್ಷಣಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯ ಐ.ಟಿ.ಐ., ಪಾಲಿಟೆಕ್ನಿಕ್, ನರ್ಸಿಂಗ್ ಕಾಲೇಜುಗಳಿಗೆ ಸೇರಿ ಹಾಸ್ಟೆಲಿನಲ್ಲೋ ಪಿ.ಜಿ.ಯಲ್ಲೋ ಉಳಿಯುತ್ತಾರೆ. ಸೇರುವ ದಿನವೇ ಅವರ ಕೈಗೆ ನಿಯಮಗಳ ಪಟ್ಟಿಯೊಂದು ಬರುತ್ತದೆ. ಹಾಜರಾತಿ ಇಷ್ಟಿರಬೇಕು, ಸಮವಸ್ತ್ರ ಹೀಗಿರಬೇಕು, ವರ್ಕ್‌ಶಾಪಿನಲ್ಲಿ ಮೊಬೈಲ್ ಕೂಡದು, ರಾತ್ರಿ ಇಷ್ಟು ಗಂಟೆಗೆ ಗೇಟು ಮುಚ್ಚುತ್ತದೆ, ತಪ್ಪಿದರೆ ದಂಡ. ಕೆಳಗೆ ವಿದ್ಯಾರ್ಥಿ ಸಹಿ ಹಾಕುತ್ತಾನೆ, ತಂದೆ ಸಹಿ ಹಾಕುತ್ತಾರೆ. ಕಲಿಸುವವರು ಮಗುವಿಗೆ ಏನನ್ನು ಮಾಡಬಾರದು ಎಂಬುದು ಮಾತ್ರ ಅನೇಕ ಕಡೆ ಆ ಕಾಗದದಲ್ಲಿ ಇರುವುದಿಲ್ಲ. 1852ರಲ್ಲಿ ಇಂತಹದೇ ಒಂದು ಕಾಗದದ ಮೇಲೆ ಕೆಲಸ ಕಲಿಸುವ ಯಜಮಾನನನ್ನೂ ಮಾತಿಗೆ ಕಟ್ಟಿಹಾಕಿದ ಗುರುಗಳ ಜೀವನ ಇದು.

ಬಡತನದ ಬಾಲ್ಯ

ಜಾನ್ ಬೊಸ್ಕೊ 1815ರ ಆಗಸ್ಟ್ 16ರಂದು ಉತ್ತರ ಇಟಲಿಯ ಬೆಕ್ಕಿ ಎಂಬ ಸಣ್ಣ ಹಳ್ಳಿಯಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಅವರಿಗೆ ಎರಡು ವರ್ಷವೂ ತುಂಬದಿದ್ದಾಗ, 1817ರಲ್ಲಿ, ತಂದೆ ಫ್ರಾನ್ಸಿಸ್ ತೀರಿಕೊಂಡರು. ಓದುಬರಹ ತಿಳಿಯದ ತಾಯಿ ಮಾರ್ಗರೀಟಾ ಹೊಲದ ದುಡಿಮೆಯಲ್ಲೇ ಮೂವರು ಗಂಡುಮಕ್ಕಳನ್ನು ಬೆಳೆಸಿದರು. ಹಿರಿಯವನಾದ ಆಂತೋನಿ ತಂದೆಯ ಮೊದಲ ಹೆಂಡತಿಯ ಮಗ. ಹೊಲದಲ್ಲಿ ಕೆಲಸವಿರುವಾಗ ತಮ್ಮ ಪುಸ್ತಕ ಹಿಡಿದು ಕೂರುವುದು ಅವನಿಗೆ ಸರಿಬರುತ್ತಿರಲಿಲ್ಲ. ಜಗಳ ತಾರಕಕ್ಕೇರಿದಾಗ ತಾಯಿ ಎದೆ ಗಟ್ಟಿಮಾಡಿಕೊಂಡು 12 ವರ್ಷದ ಜಾನ್‌ನನ್ನು ಮನೆಯಿಂದ ಹೊರಗೆ ದುಡಿಯಲು ಕಳುಹಿಸಬೇಕಾಯಿತು. ಮೊಲಿಯಾ ಎಂಬವರ ಜಮೀನಿನಲ್ಲಿ ಅವನು ದನ ಕಾಯುವ ಆಳಾಗಿ ಸುಮಾರು ಎರಡು ವರ್ಷ ಕಳೆದ.

ಒಂಬತ್ತನೆಯ ವಯಸ್ಸಿನಲ್ಲಿ ಕಂಡ ಕನಸೊಂದನ್ನು ಡಾನ್ ಬೊಸ್ಕೊ ಜೀವನದುದ್ದಕ್ಕೂ ಮರೆಯಲಿಲ್ಲ. ಅಂಗಳದಲ್ಲಿ ಆಡುತ್ತಿದ್ದ ಹುಡುಗರು ಕೆಟ್ಟ ಮಾತು ಆಡುತ್ತಿದ್ದರು. ಜಾನ್ ಅವರ ಮೇಲೆ ಬಿದ್ದು ಗುದ್ದತೊಡಗಿದ. ಆಗ ಘನವಂತರೊಬ್ಬರು ಕಾಣಿಸಿಕೊಂಡು ಹೊಡೆತದಿಂದಲ್ಲ, ಸೌಮ್ಯತೆಯಿಂದ ಅವರನ್ನು ಗೆಲ್ಲಬೇಕೆಂದು ತಿಳಿಹೇಳಿದರು. ಪಕ್ಕದಲ್ಲಿದ್ದ ಮಾತೆ ಕಾಡುಪ್ರಾಣಿಗಳು ಕುರಿಮರಿಗಳಾಗಿ ಬದಲಾದುದನ್ನು ತೋರಿಸಿದರು. ಹುಡುಗನಿಗೆ ಅರ್ಥವಾಗಲಿಲ್ಲ, ಅತ್ತುಬಿಟ್ಟ. ಅರ್ಥವಾಗಲು ಅರ್ಧ ಜೀವನವೇ ಬೇಕಾಯಿತು.

ಜಾನ್ 1831ರಲ್ಲಿ ಕಿಯೇರಿ ಪಟ್ಟಣದ ಶಾಲೆಗೆ ಸೇರಿದಾಗ ಅವರಿಗೆ 16 ವರ್ಷ. ತರಗತಿಯಲ್ಲಿ ಅವರ ಸುತ್ತ ಇದ್ದವರು ಚಿಕ್ಕ ಮಕ್ಕಳು. ಊಟ, ವಸತಿಗಾಗಿ ಅವರು ಮಾಡದ ಕೆಲಸವಿಲ್ಲ. ದರ್ಜಿಯ ಬಳಿ ಹೊಲಿಗೆ, ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣದ ಕೆಲಸ, ಕಾಫಿ ಅಂಗಡಿಯಲ್ಲಿ ಸಿಹಿತಿಂಡಿ ತಯಾರಿ ಎಲ್ಲವನ್ನೂ ಕಲಿತರು. ಮುಂದೆ ಬಡ ಹುಡುಗರಿಗೆ ಕಸುಬು ಕಲಿಸಲು ಹೊರಟಾಗ ಅವರ ಕೈಗೆ ಸೂಜಿಯೂ ಗೊತ್ತಿತ್ತು, ಸುತ್ತಿಗೆಯೂ ಗೊತ್ತಿತ್ತು. ಕಲಿಯುವವನ ಸಂಕಟವೂ ಗೊತ್ತಿತ್ತು. ಅಲ್ಲಿಯೇ ಸಹಪಾಠಿಗಳನ್ನು ಸೇರಿಸಿ ಹರ್ಷ ಸಂಘವನ್ನು ಕಟ್ಟಿದರು. ಅದರ ನಿಯಮಗಳು ಬಹಳ ಕಡಿಮೆ: ಕ್ರೈಸ್ತನಿಗೆ ತಕ್ಕುದಲ್ಲದ ಮಾತು, ನಡತೆ ಬೇಡ, ಓದಿನ ಮತ್ತು ಧರ್ಮದ ಕರ್ತವ್ಯ ತಪ್ಪಬಾರದು, ಸಂತೋಷವಾಗಿರಬೇಕು.

ಸೆರೆಮನೆಯಲ್ಲಿ ಕಂಡ ಸತ್ಯ

1841ರ ಜೂನ್ 5ರಂದು ತೂರಿನ್ ನಗರದಲ್ಲಿ ಜಾನ್ ಬೊಸ್ಕೊ ಗುರುದೀಕ್ಷೆ ಪಡೆದರು. ಆಗ ಅದು ಕಾರ್ಖಾನೆಗಳೂ ಕಟ್ಟಡಗಳೂ ಏಳುತ್ತಿದ್ದ ನಗರ. ಹಳ್ಳಿಗಳಿಂದ ಬಂದ ಹುಡುಗರು ಗಾರೆ ಕೆಲಸ, ಚಿಮಣಿ ಶುಚಿ ಮಾಡುವ ಕೆಲಸ ಹುಡುಕುತ್ತ ಬೀದಿಯಲ್ಲಿ ಅಲೆಯುತ್ತಿದ್ದರು. ಡಾನ್ ಬೊಸ್ಕೊ ಅವರ ಆತ್ಮೀಯ ಮಾರ್ಗದರ್ಶಕರಾಗಿದ್ದ ಸಂತ ಜೋಸೆಫ್ ಕಫಾಸ್ಸೊ ಅವರನ್ನು ನಗರದ ಸೆರೆಮನೆಗಳಿಗೆ ಕರೆದೊಯ್ದರು. ಹನ್ನೆರಡರಿಂದ ಹದಿನೆಂಟು ವರ್ಷದ ಗಟ್ಟಿಮುಟ್ಟಾದ ಹುಡುಗರು ಕಂಬಿಗಳ ಹಿಂದೆ ಕೊಳೆಯುತ್ತಿದ್ದುದನ್ನು ಅವರು ಅಲ್ಲಿ ಕಂಡರು. ಬಿಡುಗಡೆಯಾದವರಲ್ಲಿ ಎಷ್ಟೋ ಮಂದಿ ಕೆಲವೇ ದಿನಗಳಲ್ಲಿ ಮತ್ತೆ ಅಲ್ಲಿಗೇ ಮರಳುತ್ತಿದ್ದರು. ಹೊರಗೆ ಅವರಿಗೆ ತಮ್ಮವರೆನ್ನುವವರು ಯಾರೂ ಇರಲಿಲ್ಲ. ಶಿಕ್ಷೆಯಿಂದ ಹುಡುಗರು ಸರಿಹೋಗುವುದಾದರೆ ಸೆರೆಮನೆಯಲ್ಲಿ ಸರಿಹೋಗಬೇಕಿತ್ತು. ತಪ್ಪು ನಡೆಯುವ ಮೊದಲೇ ಜೊತೆಗೆ ನಿಲ್ಲುವವರು ಬೇಕೆಂಬುದು ಡಾನ್ ಬೊಸ್ಕೊ ಅವರಿಗೆ ಅಲ್ಲಿ ಮನವರಿಕೆಯಾಯಿತು.

ಅದೇ ವರ್ಷ ಡಿಸೆಂಬರ್ 8, ಮಾತೆ ಮರಿಯಮ್ಮನವರ ಅಮಲೋದ್ಭವದ ಹಬ್ಬ. ಸಂತ ಫ್ರಾನ್ಸಿಸ್ ಅಸ್ಸಿಸಿ ಚರ್ಚಿನ ಸಕ್ರಿಸ್ತಿಯಲ್ಲಿ ಅವರು ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಹುಡುಗನೊಬ್ಬನಿಗೆ ಬಲಿಪೂಜೆಗೆ ಸಹಾಯ ಮಾಡಲು ಬರುವುದಿಲ್ಲವೆಂದು ತಿಳಿದು ಸಕ್ರಿಸ್ತಾನರು ಕೋಲು ತೆಗೆದುಕೊಂಡು ಹೊಡೆದು ಓಡಿಸಿದರು. ಡಾನ್ ಬೊಸ್ಕೊ ಅದನ್ನು ತಡೆದು, ಅವನು ತನ್ನ ಗೆಳೆಯನೆಂದು ಹೇಳಿ ವಾಪಸು ಕರೆಸಿದರು. ಹುಡುಗನ ಹೆಸರು ಬಾರ್ತಲೊಮೆಯು ಗರೆಲ್ಲಿ. ತಂದೆತಾಯಿ ಇಲ್ಲ, ಗಾರೆ ಕೆಲಸ, 16 ವರ್ಷ, ಓದು ಬಾರದು, ಜಪ ಬಾರದು. ಶಿಳ್ಳೆ ಹೊಡೆಯಲು ಬರುತ್ತದೆಯೇ ಎಂದು ಕೇಳಿದಾಗ ಅವನು ನಕ್ಕ. ಆ ನಗುವಿನ ಮೇಲೆ, ಒಂದು ನಮೋ ಮರಿಯ ಪ್ರಾರ್ಥನೆಯ ಮೇಲೆ, ಡಾನ್ ಬೊಸ್ಕೊ ಅವರ ಕಾರ್ಯ ಆರಂಭವಾಯಿತು. ಮುಂದಿನ ಭಾನುವಾರಗಳಲ್ಲಿ ಅವನು ಗೆಳೆಯರನ್ನು ಕರೆತಂದ.

ಹುಡುಗರ ಸಂಖ್ಯೆ ಹೆಚ್ಚಿದಂತೆ ತೊಂದರೆಯೂ ಹೆಚ್ಚಿತು. ಗಲಾಟೆ ಸಹಿಸದ ನೆರೆಹೊರೆಯವರು ದೂರು ಕೊಟ್ಟರು. ನಗರದ ಅಧಿಕಾರಿಗಳು ಸಂಶಯಪಟ್ಟರು. ಕೆಲವು ಗುರುಗಳೇ ಇವರಿಗೆ ಬುದ್ಧಿಭ್ರಮಣೆಯಾಗಿದೆ ಎಂದುಕೊಂಡರು. ಒಂದು ಜಾಗದಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ 1846ರ ಈಸ್ಟರ್ ದಿನ ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿಯವರ ತಗ್ಗು ಮಾಡಿನ ಕೊಟ್ಟಿಗೆಯಲ್ಲಿ ನೆಲೆ ನಿಂತರು. ಅದೇ ಬೇಸಿಗೆಯಲ್ಲಿ ಅವರು ಕಾಯಿಲೆ ಬಿದ್ದು ಸಾವಿನ ಬಾಗಿಲಿಗೆ ಹೋದಾಗ, ಬೀದಿಯ ಹುಡುಗರು ಉಪವಾಸ, ಹರಕೆಗಳೊಂದಿಗೆ ದೇವರನ್ನು ಮೊರೆಯಿಟ್ಟರು.

ತಾಯಿಯ ತಾಳ್ಮೆ

1846ರ ನವೆಂಬರಿನಲ್ಲಿ ತಾಯಿ ಮಾರ್ಗರೀಟಾ ಹಳ್ಳಿಯ ಮನೆ ಬಿಟ್ಟು ಮಗನ ಜೊತೆ ವಾಲ್ದೊಕ್ಕೊಗೆ ಬಂದರು. ಮದುವೆಯ ಬಟ್ಟೆಗಳು ಚರ್ಚಿನ ವಸ್ತ್ರಗಳಾದವು, ಚಿನ್ನದ ಸಣ್ಣ ಒಡವೆ ಮಾರಾಟವಾಯಿತು. ಮೊದಮೊದಲು ರಾತ್ರಿ ಆಶ್ರಯ ಕೊಟ್ಟ ಹುಡುಗರ ಗುಂಪೊಂದು ಬೆಳಗಾಗುವ ಮೊದಲೇ ಕಂಬಳಿಗಳನ್ನು ಹೊತ್ತುಕೊಂಡು ಪರಾರಿಯಾಯಿತು. ಆದರೂ ಬಾಗಿಲು ಮುಚ್ಚಲಿಲ್ಲ. 1847ರಲ್ಲಿ ಮಳೆಯಲ್ಲಿ ನೆನೆದು ಬಂದ ಅನಾಥನೊಬ್ಬನಿಗೆ ತಾಯಿ ಒಲೆಯ ಪಕ್ಕದಲ್ಲಿ ಹಾಸಿಗೆ ಹಾಸಿದರು. ಅವನೇ ಆ ಮನೆಯ ಮೊದಲ ನಿವಾಸಿ.

ನಂತರ ಒಂದು ದಿನ ಆ ತಾಯಿಗೂ ಸಹನೆ ತಪ್ಪಿತು. ಆಟವಾಡುವ ಹುಡುಗರು ತರಕಾರಿ ಪಾತಿಗಳನ್ನು ತುಳಿದು ಹಾಕಿದ್ದರು, ಬಟ್ಟೆ ಹರಿದುಕೊಂಡಿದ್ದರು, ಅಡುಗೆ ಪಾತ್ರೆಗಳನ್ನು ಆಟಕ್ಕೆ ಒಯ್ದಿದ್ದರು. ತಾನು ಹಳ್ಳಿಗೆ ಹಿಂತಿರುಗುತ್ತೇನೆಂದು ಅವರು ಮಗನಿಗೆ ಹೇಳಿದರು. ಮಗ ಮಾತಾಡಲಿಲ್ಲ. ಗೋಡೆಯ ಮೇಲಿದ್ದ ಶಿಲುಬೆಯತ್ತ ಕೈ ತೋರಿಸಿದರು. ತಾಯಿ ಕಣ್ಣೊರಸಿಕೊಂಡು ಮತ್ತೆ ಕೆಲಸಕ್ಕೆ ಕುಳಿತರು. 1856ರ ನವೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲ. ನಮ್ಮ ಹಾಸ್ಟೆಲುಗಳಲ್ಲಿ ವಾರ್ಡನ್ ಆಗಿ ದುಡಿಯುವ ಧರ್ಮಭಗಿನಿಯರಿಗೆ, ಅಡುಗೆಮನೆ ನೋಡಿಕೊಳ್ಳುವ ತಾಯಂದಿರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ ಎಂದು ನಾವು ಭಾವಿಸುತ್ತೇವೆ.

ಯಜಮಾನನೂ ಸಹಿ ಹಾಕಿದ ಕರಾರು

ವಾಲ್ದೊಕ್ಕೊದಲ್ಲಿದ್ದ ಹುಡುಗರು ಹಗಲು ನಗರದ ಅಂಗಡಿಗಳಿಗೆ ಕೆಲಸ ಕಲಿಯಲು ಹೋಗುತ್ತಿದ್ದರು. ಅಲ್ಲಿ ಯಜಮಾನರು ಹೊಡೆಯುತ್ತಿದ್ದರು, ಮನೆಯ ಚಾಕರಿ ಮಾಡಿಸುತ್ತಿದ್ದರು, ಭಾನುವಾರವೂ ಬಿಡುತ್ತಿರಲಿಲ್ಲ. ಡಾನ್ ಬೊಸ್ಕೊ ಸ್ವತಃ ಅಂಗಡಿಗಳಿಗೆ ಹೋಗಿ ಹುಡುಗರನ್ನು ವಿಚಾರಿಸುತ್ತಿದ್ದರು. ಅಷ್ಟರಿಂದ ಸಾಲದೆ ಲಿಖಿತ ಕರಾರು ಮಾಡಿಸಲು ಆರಂಭಿಸಿದರು.

ಅವುಗಳಲ್ಲಿ ಒಂದು 1852ರ ಫೆಬ್ರವರಿಯದು, ಬಡಗಿ ಕೆಲಸ ಕಲಿಯುವ ಹುಡುಗನದು. ಯಜಮಾನ, ಹುಡುಗ, ಹುಡುಗನ ತಂದೆ, ಡಾನ್ ಬೊಸ್ಕೊ ಎಲ್ಲರೂ ಅದಕ್ಕೆ ಬದ್ಧರು. ಯಜಮಾನ ಕಸುಬನ್ನು ಪೂರ್ತಿಯಾಗಿ ಕಲಿಸಬೇಕು. ತಪ್ಪು ಮಾಡಿದರೆ ಮಾತಿನಿಂದ ಮಾತ್ರ ತಿದ್ದಬೇಕು, ಬೇರೆ ರೀತಿಯಲ್ಲಲ್ಲ. ಹುಡುಗನ ಶಕ್ತಿಗೆ ಮೀರಿದ, ಕಸುಬಿಗೆ ಸಂಬಂಧಪಡದ ಕೆಲಸ ಕೊಡಬಾರದು. ಭಾನುವಾರ, ಹಬ್ಬದ ದಿನ ಬಿಡುವು, ವರ್ಷಕ್ಕೆ 15 ದಿನ ರಜೆ, ದುಡಿಮೆಗೆ ಕೂಲಿ, ಕಲಿತಂತೆ ಕೂಲಿಯಲ್ಲಿ ಏರಿಕೆ. ಹುಡುಗನ ಮೇಲೂ ಹೊರೆ ಕಡಿಮೆಯಿರಲಿಲ್ಲ. ಅವನು ವಿಧೇಯನಾಗಿ, ಶ್ರದ್ಧೆಯಿಂದ ಕಲಿಯಬೇಕು. ಅವನಿಂದ ನಷ್ಟವಾದರೆ ತಂದೆ ಹೊಣೆ.

ಈ ಕರಾರು ನಮ್ಮನ್ನು ಯೋಚನೆಗೆ ಹಚ್ಚಬೇಕು. ನಮ್ಮ ದೇಶದಲ್ಲಿ ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಕಲಿಯುವವನಿಗೂ ಕಲಿಸುವ ಮಾಲಿಕನಿಗೂ ನಡುವೆ ಕರಾರು ಇರಬೇಕು, ಹುಡುಗ ಅಪ್ರಾಪ್ತನಾಗಿದ್ದರೆ ಪೋಷಕರು ಸಹಿ ಹಾಕಬೇಕು, ಇಬ್ಬರಿಗೂ ಕರ್ತವ್ಯಗಳಿರಬೇಕು ಎಂದು ಅದು ವಿಧಿಸುತ್ತದೆ. ಇಂದು ರಾಜಾಜಿನಗರ, ಪೀಣ್ಯದ ಕಾರ್ಖಾನೆಗಳಿಗೆ ತರಬೇತಿಗೆ ಹೋಗುವ ನಮ್ಮ ಹುಡುಗರಿಗೆ ಕಾನೂನು ಕೊಡುವ ರಕ್ಷಣೆಯನ್ನು, 109 ವರ್ಷ ಮೊದಲೇ ಬಡ ಗುರುಗಳೊಬ್ಬರು ಅಂಗಡಿ ಅಂಗಡಿ ತಿರುಗಿ ತಮ್ಮ ಹುಡುಗರಿಗೆ ದೊರಕಿಸಿಕೊಟ್ಟಿದ್ದರು.

ವರ್ಕ್‌ಶಾಪಿನ ನಿಯಮಗಳು

ಕರಾರುಗಳಿಂದಲೂ ಎಲ್ಲವೂ ಸರಿಹೋಗಲಿಲ್ಲ. ಅಂಗಡಿಗಳ ಕೆಟ್ಟ ಮಾತು, ಕುಡಿತ ಹುಡುಗರಿಗೆ ಅಂಟುತ್ತಿತ್ತು. ಆದ್ದರಿಂದ 1853ರಲ್ಲಿ ಡಾನ್ ಬೊಸ್ಕೊ ತಮ್ಮ ಮನೆಯಲ್ಲೇ ಚಪ್ಪಲಿ ಹೊಲಿಯುವ ಮತ್ತು ಬಟ್ಟೆ ಹೊಲಿಯುವ ತರಬೇತಿ ಆರಂಭಿಸಿದರು. 1854ರಲ್ಲಿ ಪುಸ್ತಕ ಕಟ್ಟುವುದು, 1856ರಲ್ಲಿ ಬಡಗಿ ಕೆಲಸ, 1860ರ ದಶಕದ ಆರಂಭದಲ್ಲಿ ಮುದ್ರಣಾಲಯ ಮತ್ತು ಕಬ್ಬಿಣದ ಕೆಲಸ ಸೇರಿದವು. ಮೊದಲ ದಿನಗಳಲ್ಲಿ ಅವರೇ ಬೆಂಚಿನ ಮೇಲೆ ಕುಳಿತು ಕಲಿಸಿದರು.

ಅಲ್ಲಿ ನಿಯಮಗಳಿರಲಿಲ್ಲವೆಂದು ಯಾರೂ ತಿಳಿಯಬಾರದು. ಕೆಲಸದ ಮೊದಲು ಮತ್ತು ನಂತರ ಪ್ರಾರ್ಥನೆ. ಅನುಮತಿಯಿಲ್ಲದೆ ಹೊರಗೆ ಹೋಗುವಂತಿಲ್ಲ. ಕೆಲಸದ ಜಾಗದಲ್ಲಿ ಹೊಗೆಬತ್ತಿ, ಮದ್ಯ, ಆಟ ಕೂಡದು. ಉಪಕರಣಗಳನ್ನು ಜೋಪಾನ ಮಾಡಬೇಕು. ನಡತೆಗೂ ಅಂಕಗಳಿದ್ದವು. ದೇವನಿಂದೆ, ಅಶ್ಲೀಲ ನಡತೆ, ಕಳ್ಳತನ ಈ ಮೂರರ ವಿಷಯದಲ್ಲಿ ಡಾನ್ ಬೊಸ್ಕೊ ಬಹಳ ಕಟ್ಟುನಿಟ್ಟು. ಇತರರಿಗೆ ಹಾನಿ ಮಾಡುವವರನ್ನು, ತಿದ್ದಲು ಯತ್ನಿಸಿದ ಮೇಲೆ, ಮನೆಗೆ ಕಳುಹಿಸಿದ್ದೂ ಉಂಟು. ಪ್ರೀತಿಯೆಂದರೆ ಸಡಿಲತನ ಎಂದು ಅವರು ತಿಳಿದಿರಲಿಲ್ಲ.

ವ್ಯತ್ಯಾಸವಿದ್ದದ್ದು ನಿಯಮವನ್ನು ಪಾಲಿಸುವಂತೆ ಮಾಡುವ ರೀತಿಯಲ್ಲಿ. ಅದನ್ನು ಅವರು 1877ರಲ್ಲಿ ಸಣ್ಣ ಬರಹವೊಂದರಲ್ಲಿ ವಿವರಿಸಿದರು. ನಿಯಮವನ್ನು ತಿಳಿಸಿ, ಬಳಿಕ ಕಾವಲು ಕಾದು ತಪ್ಪಿದವರನ್ನು ಹಿಡಿದು ಶಿಕ್ಷಿಸುವುದು ಒಂದು ಪದ್ಧತಿ. ನಿಯಮವನ್ನು ಮೊದಲೇ ತಿಳಿಸಿ, ತಪ್ಪಲು ಅವಕಾಶವೇ ಇಲ್ಲದಂತೆ ತಂದೆಯ ಹಾಗೆ ಜೊತೆಗಿರುವುದು ಇನ್ನೊಂದು. ಈ ಎರಡನೆಯದನ್ನೇ ಅವರು ಮುಂಜಾಗ್ರತೆಯ ಪದ್ಧತಿ ಎಂದು ಕರೆದರು. ವಿವೇಕ, ಧರ್ಮ, ವಾತ್ಸಲ್ಯ ಇದರ ಮೂರು ಕಂಬಗಳು. ಹೊಡೆಯುವುದು, ನೋವಾಗುವಂತೆ ಮೊಣಕಾಲೂರಿಸುವುದು, ಕಿವಿ ಹಿಂಡುವುದು ಸಂಪೂರ್ಣ ನಿಷಿದ್ಧ. ಎಲ್ಲರೆದುರು ಅವಮಾನ ಮಾಡಬಾರದು, ಏಕಾಂತದಲ್ಲಿ ತಿಳಿಹೇಳಬೇಕು. ಪ್ರೀತಿಸುವ ಗುರುವಿನ ಮುಖದಲ್ಲಿ ಒಂದು ಕ್ಷಣ ನಗು ಮಾಯವಾದರೆ ಅದೇ ಹುಡುಗನಿಗೆ ದೊಡ್ಡ ಶಿಕ್ಷೆ. ಆಟದ ಅಂಗಳದಲ್ಲಿ ಕಿವಿಯಲ್ಲಿ ಹೇಳುವ ಒಂದು ಮಾತು, ಮಲಗುವ ಮುನ್ನ ಎಲ್ಲರಿಗೂ ಹೇಳುವ ಎರಡು ನಿಮಿಷದ ಹಿತವಚನ ಇವು ಅವರ ಬೆತ್ತದ ಬದಲಿನ ಸಾಧನಗಳಾಗಿದ್ದವು.

1855ರಲ್ಲಿ ತೂರಿನ್‌ನ ಬಾಲಾಪರಾಧಿಗಳ ಮಂದಿರದಿಂದ ಸುಮಾರು 300 ಹುಡುಗರನ್ನು ಕಾವಲುಗಾರರಿಲ್ಲದೆ ಒಂದು ದಿನದ ಪ್ರವಾಸಕ್ಕೆ ಕರೆದೊಯ್ದು, ಸಂಜೆ ಒಬ್ಬನೂ ತಪ್ಪದಂತೆ ಹಿಂದಕ್ಕೆ ಕರೆತಂದರು ಎಂದು ಅವರ ಜೀವನ ಚರಿತ್ರೆಗಳು ಹೇಳುತ್ತವೆ. 1854ರ ಕಾಲರಾ ಸಮಯದಲ್ಲಿ ಅವರ ಹುಡುಗರೇ ಮನೆ ಮನೆಗೆ ಹೋಗಿ ರೋಗಿಗಳ ಸೇವೆ ಮಾಡಿದರು. ಅದೇ ವರ್ಷ ಬಂದ ದೊಮಿನಿಕ್ ಸಾವಿಯೊ 1857ರಲ್ಲಿ 14ನೆಯ ವಯಸ್ಸಿನಲ್ಲಿ ತೀರಿಕೊಂಡ, 1954ರಲ್ಲಿ ಸಂತನಾದ. ಕಠಿಣ ತಪಸ್ಸಿಗೆ ಹೊರಟಿದ್ದ ಆ ಹುಡುಗನಿಗೆ ಡಾನ್ ಬೊಸ್ಕೊ ಕೊಟ್ಟ ದಾರಿ ಸಂತೋಷ, ಕರ್ತವ್ಯ, ಪ್ರಾರ್ಥನೆ ಮತ್ತು ಪರರ ಸಹಾಯ.

ಕೊನೆಯ ಎಚ್ಚರಿಕೆ

1859ರ ಡಿಸೆಂಬರ್ 18ರಂದು ಸಲೇಶಿಯನ್ ಸಭೆ ಹುಟ್ಟಿತು. 1872ರಲ್ಲಿ ಸಂತ ಮರಿಯ ಮಜ್ಜರೆಲ್ಲೊ ಅವರೊಂದಿಗೆ ಧರ್ಮಭಗಿನಿಯರ ಸಭೆ ಸ್ಥಾಪನೆಯಾಯಿತು. 1875ರಲ್ಲಿ ಮೊದಲ ಮಿಷನರಿಗಳು ಅರ್ಜೆಂಟೀನಾಕ್ಕೆ ಹೊರಟರು. ಕಾರ್ಯ ಬೆಳೆಯಿತು, ಕಟ್ಟಡಗಳು ಎದ್ದವು, ನಿಯಮ ಪುಸ್ತಕ ಅಚ್ಚಾಯಿತು. ಆಗಲೇ ಡಾನ್ ಬೊಸ್ಕೊ ಅವರಿಗೆ ಚಿಂತೆಯೂ ಶುರುವಾಯಿತು.

1884ರ ಮೇ ತಿಂಗಳಲ್ಲಿ ರೋಮಿನಿಂದ ಅವರು ವಾಲ್ದೊಕ್ಕೊದ ತಮ್ಮವರಿಗೆ ಒಂದು ಪತ್ರ ಬರೆದರು. ಅದರಲ್ಲಿ ಒಂದು ಕನಸಿನ ವರ್ಣನೆಯಿದೆ. ಮೊದಲು ಹಳೆಯ ದಿನಗಳ ಅಂಗಳ ಕಂಡಿತು: ಓಟ, ನಗು, ಹಾಡು, ಹುಡುಗರ ನಡುವೆ ಗುರುಗಳು. ಬಳಿಕ ಈಗಿನ ಅಂಗಳ ಕಂಡಿತು: ಕಂಬಕ್ಕೊರಗಿ ಬೇಸತ್ತು ನಿಂತ ಹುಡುಗರು, ದೂರದಲ್ಲಿ ತಮ್ಮತಮ್ಮಲ್ಲೇ ಮಾತಾಡುತ್ತಿದ್ದ ಗುರುಗಳು. ಗುರುಗಳು ಹುಡುಗರಿಗಾಗಿ ದುಡಿಯುತ್ತಿರಲಿಲ್ಲವೆಂದಲ್ಲ. ಆದರೆ ಪ್ರೀತಿಸಿದರಷ್ಟೇ ಸಾಲದು, ತಮ್ಮನ್ನು ಪ್ರೀತಿಸುತ್ತಾರೆಂದು ಹುಡುಗರಿಗೂ ತಿಳಿಯಬೇಕು ಎಂಬುದೇ ಆ ಪತ್ರದ ತಿರುಳು. ಪ್ರೀತಿಯ ಜಾಗದಲ್ಲಿ ಬರಿಯ ನಿಯಮ ಬಂದು ಕುಳಿತರೆ ಮೇಲ್ನೋಟಕ್ಕೆ ಶಿಸ್ತು ಕಾಣುತ್ತದೆ, ಒಳಗೆ ಸಂಶಯ ಬೆಳೆಯುತ್ತದೆ. ಬೇರೆಯವರ ಸಂಸ್ಥೆಯ ಬಗ್ಗೆ ಅಲ್ಲ, ತಾವೇ ಕಟ್ಟಿದ ಮನೆಯ ಬಗ್ಗೆ 68 ವರ್ಷದ ಸಂಸ್ಥಾಪಕರು ಹೀಗೆ ಬರೆದರು. ಇದನ್ನು ಓದುವಾಗ ಸೆಮಿನರಿಗಳಲ್ಲಿ, ಶಾಲೆಗಳಲ್ಲಿ ಜವಾಬ್ದಾರಿ ಹೊತ್ತ ನಮ್ಮಂತಹ ಗುರುಗಳಿಗೆ ತಲೆ ತಗ್ಗಿಸುವಂತಾಗುತ್ತದೆ.

1886ರಲ್ಲಿ ಸಭೆಯ ಮಹಾಅಧಿವೇಶನವು ಕಸುಬು ಕಲಿಯುವವರ ಶಿಕ್ಷಣವನ್ನೇ ಚರ್ಚಿಸಿ, ಅವರಿಗೆ ಕೈಕೆಲಸ ಮಾತ್ರವಲ್ಲ, ಧಾರ್ಮಿಕ, ನೈತಿಕ ಮತ್ತು ಬೌದ್ಧಿಕ ಶಿಕ್ಷಣವೂ ಬೇಕೆಂದು ಒತ್ತಿಹೇಳಿತು. 1888ರ ಜನವರಿ 31ರ ಮುಂಜಾನೆ ಡಾನ್ ಬೊಸ್ಕೊ ಕರ್ತರಲ್ಲಿ ನಿದ್ರಿಸಿದರು. 1929ರಲ್ಲಿ ಅವರನ್ನು ಪುನೀತರೆಂದೂ, 1934ರ ಏಪ್ರಿಲ್ 1ರ ಈಸ್ಟರ್ ಹಬ್ಬದಂದು ಸಂತರೆಂದೂ ಘೋಷಿಸಲಾಯಿತು.

ನಮ್ಮ ನಾಡಿನಲ್ಲಿ

ಸಲೇಶಿಯನರು ಭಾರತಕ್ಕೆ ಬಂದದ್ದು 1906ರಲ್ಲಿ, ತಂಜಾವೂರಿಗೆ. ಅವರ ಬೆಂಗಳೂರು ಪ್ರಾಂತ್ಯ 1979ರಲ್ಲಿ ರೂಪುಗೊಂಡಿತು. ಮರುವರ್ಷವೇ ಅವರ ದೈವಶಾಸ್ತ್ರದ ವಿದ್ಯಾರ್ಥಿಗಳು ಬೆಂಗಳೂರಿನ ಬೀದಿ ಮಕ್ಕಳ ನಡುವೆ ಸೇವೆ ಆರಂಭಿಸಿದರು. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಸಿಕ್ಕ ಮಕ್ಕಳಿಗೆ ಚಾಮರಾಜಪೇಟೆಯ ಬೊಸ್ಕೊ ಮನೆ ಆಶ್ರಯವಾಯಿತು. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕ್ಲರೇಶಿಯನ್ ಗುರುಗಳು ಕುಷ್ಠರೋಗದಿಂದ ನೊಂದವರ ಕುಟುಂಬಗಳಿಗೆ ಕೈಕಸುಬು ಕಲಿಸುತ್ತ ಬಂದಿದ್ದಾರೆ. ನಮ್ಮ ಕರಾವಳಿಯಲ್ಲೂ, 1878ರ ಕೊನೆಗೆ ಮಂಗಳೂರಿಗೆ ಬಂದ ಇಟಲಿಯ ಜೆಸ್ವಿತ್ ಗುರುಗಳ ಕಾಲದಲ್ಲಿ ಬೆಳೆದ ಜೆಪ್ಪುವಿನ ಸಂತ ಜೋಸೆಫರ ವರ್ಕ್‌ಶಾಪ್ ಎಷ್ಟೋ ಅನಾಥರಿಗೆ ಅನ್ನದ ದಾರಿ ತೋರಿಸಿತು. ಕಸುಬಿನ ಶಿಕ್ಷಣ ಕಡಿಮೆ ಅಂಕ ಬಂದವರ ಪಾಲಿಗೆ ಉಳಿದ ಎರಡನೆಯ ದರ್ಜೆಯ ಶಿಕ್ಷಣ ಎಂಬ ಮನೋಭಾವವನ್ನು ನಾವು ಈ ಇತಿಹಾಸದ ಮುಂದೆ ಬಿಟ್ಟುಬಿಡಬೇಕು.

ಬೆಂಗಳೂರಿಗೆ ಹೋಗುವ ನಮ್ಮ ಮಕ್ಕಳಿಗೆ ಕಾಲೇಜಿನ ನಿಯಮಗಳು ಬೇಕು. ಯಂತ್ರದ ಮುಂದೆ ನಿಲ್ಲುವವನಿಗೆ ಶಿಸ್ತು ತಪ್ಪಿದರೆ ಬೆರಳೇ ಹೋಗಬಹುದು. ಆದರೆ ನಿಯಮದ ಹಿಂದೆ ಒಬ್ಬ ಮನುಷ್ಯನ ಮುಖ ಕಾಣಬೇಕು. ಹೆತ್ತವರು ಶುಲ್ಕ ಕಟ್ಟಿ ಬಂದರೆ ಸಾಲದು, ವರ್ಷಕ್ಕೊಮ್ಮೆಯಾದರೂ ಹೋಗಿ ಕಲಿಸುವವರ ಪರಿಚಯ ಮಾಡಿಕೊಳ್ಳಬೇಕು. ಧರ್ಮಕೇಂದ್ರದ ಗುರುಗಳು, ಐ.ಸಿ.ವೈ.ಎಂ. ಕಾರ್ಯಕರ್ತರು ಹೊರಟ ಮಕ್ಕಳ ಹೆಸರು ಬರೆದಿಟ್ಟು, ಅವರು ಉಳಿಯುವ ಬಡಾವಣೆಯ ಚರ್ಚಿಗೆ ತಿಳಿಸಬೇಕು. ಊರಿಗೆ ಬಂದಾಗ ಅಂಕಗಳ ಬಗ್ಗೆ ಕೇಳುವ ಮೊದಲು ಊಟ, ನಿದ್ದೆ, ಗೆಳೆಯರ ಬಗ್ಗೆ ಕೇಳಬೇಕು. ತಪ್ಪು ಮಾಡಿ ಕಾಲೇಜಿನಿಂದ ಹಿಂದಿರುಗಿದ ಹುಡುಗನೊಬ್ಬ ಭಾನುವಾರ ಚರ್ಚಿನ ಬಾಗಿಲಲ್ಲಿ ಹಿಂದೆ ನಿಂತಿದ್ದರೆ, ನಾವು ಕೋಲು ಹಿಡಿದ ಸಕ್ರಿಸ್ತಾನರಾಗದೆ, ವಾಪಸು ಕರೆಸಿದ ಡಾನ್ ಬೊಸ್ಕೊ ಅವರಂತಾಗಬೇಕು.

ಯುವಜನರ ತಂದೆಯೂ ಗುರುವೂ ಆದ ಸಂತ ಜಾನ್ ಬೊಸ್ಕೊ ಅವರು ದೂರದೂರಿನಲ್ಲಿ ಕಲಿಯುತ್ತಿರುವ ನಮ್ಮ ಎಲ್ಲ ಮಕ್ಕಳಿಗಾಗಿ, ಅವರಿಗೆ ಕಲಿಸುವವರಿಗಾಗಿ ದೇವರಲ್ಲಿ ಬಿನ್ನವಿಸಲಿ.